ನಡುವಿನ ಎರಡು ವಾಯರು

ರಾತ್ರಿಯ ಇಶಾ ನಮಾಜು ಮುಗಿದು ಬಹಳ ಹೊತ್ತಾಗಿತ್ತು. ನರೋಣಾದ ಹಳೆಯ ಬಾವಿಯ ಪಕ್ಕದ ಕಾಲುದಾರಿಯಲ್ಲಿ ಹಫೀಜ ಒಬ್ಬನೇ ಮನೆಯ ಕಡೆ ನಡೆದಿದ್ದ. ಹೆಗಲಿಗೆ ನಟ್ಟು ಬಿಚ್ಚುವ ಪಾನೆಗಳ ಚೀಲ. ಹೆಜ್ಜೆಗೊಮ್ಮೆ ಚೀಲದೊಳಗೆ ಕಬ್ಬಿಣಕ್ಕೆ ಕಬ್ಬಿಣ ತಾಕಿ ಝಣ್... ಝಣ್... ಎನ್ನುತ್ತಿತ್ತು. ಎರಡೂ ಬದಿಗೆ ಹೂಬಿಟ್ಟ ತೊಗರಿ. ಗಾಳಿ ಇರಲಿಲ್ಲ.

ಈ ದಾರಿಯನ್ನು ಅವನು ಮೂರು ವರ್ಷದಿಂದ ತುಳಿದಿರಲಿಲ್ಲ. ಆಳಂದದ ತನ್ನ ಗ್ಯಾರೇಜಿನಿಂದ ಎಷ್ಟು ತಡವಾಗಿ ಬಂದರೂ ಡಾಂಬರು ರಸ್ತೆಯಲ್ಲೇ ಸುತ್ತುಹಾಕಿ ಮನೆ ಸೇರುತ್ತಿದ್ದ. ಮೂರು ವರ್ಷದ ಹಿಂದೆ, ಒಂದು ನಸುಕಿನಲ್ಲಿ, ರಾಜೇಸಾಬ ಸತ್ತು ಬಿದ್ದದ್ದು ಈ ಬಾವಿಯ ಕಟ್ಟೆಯ ಬುಡದಲ್ಲಿ.

ರಾಜೇಸಾಬನಿಗೆ ಒಂದು ಬಿಳಿ ಕಾರಿತ್ತು. ಹಳೆಯದು, ನಾಲ್ಕು ಸಿಲಿಂಡರಿನ ಪೆಟ್ರೋಲು ಗಾಡಿ. ಹಗಲೆಲ್ಲ ಬಾಡಿಗೆಗೆ ಓಡುತ್ತಿತ್ತು. ರಾತ್ರಿ ಮಾತ್ರ ಅದು ಊರಿನದು. ಹೆರಿಗೆಯಾಗಲಿ, ಹಾವು ಕಡಿದಿರಲಿ, ಯಾರು ಬಾಗಿಲು ಬಡಿದರೂ ಅವನು ಎದ್ದು ಹೊರಡುತ್ತಿದ್ದ, ದುಡ್ಡಿಗೆ ಕೈಯೊಡ್ಡಿದವನಲ್ಲ. ಆ ರಾತ್ರಿ ರೇವಣಪ್ಪನ ಹೆಂಡತಿ ಗುರಮ್ಮನಿಗೆ ನೋವು ಎದ್ದಿತ್ತು. ಆದರೆ ಕಾರು ಹೊರಡಲಿಲ್ಲ. ರಸ್ತೆಯಲ್ಲಿ ಬೇರೆ ಯಾವುದಾದರೂ ಗಾಡಿ ನಿಲ್ಲಿಸಿ ತರುತ್ತೇನೆಂದು ರಾಜೇಸಾಬ ನಡೆದುಕೊಂಡೇ ಹೊರಟ... ಬಾವಿಯ ಹತ್ತಿರ ಎದೆ ನಿಂತಿತು. ಗುರಮ್ಮನನ್ನು ಕಬ್ಬಿನ ಟ್ರ್ಯಾಕ್ಟರಿನಲ್ಲಿ ಒಯ್ದರು. ತಾಯಿ, ಮಗಳು ಇಬ್ಬರೂ ಉಳಿದರು.

ಮಣ್ಣು ಮುಗಿದ ಮೇಲೆ ಪಕ್ಕದ ಮನೆಯ ಮಲ್ಕಪ್ಪ ಆ ಕಾರಿನ ಚಾವಿ ತಿರುಗಿಸಿ ನೋಡಿದ. ಗಾಡಿ ಕೆಮ್ಮಿತು, ಮೈಯೆಲ್ಲ ನಡುಗಿತು, ನಿಂತುಬಿಟ್ಟಿತು.

“ವಾರದ ಹಿಂದ ಹಫೀಜ ಎಂಜಿನ್ ಬಿಚ್ಚಿ ಕಟ್ಟಿದ್ದ,” ಎಂದ.

ಅಷ್ಟೇ ಮಾತು. ಊರಿಗೆ ಅಷ್ಟು ಸಾಕಾಯಿತು. ಹಫೀಜನಿಗೂ.

ಕಾರು ಮೂರು ವರ್ಷ ತಾಡಪತ್ರಿಯ ಅಡಿಯಲ್ಲಿ ನಿಂತಿತು. ಈಗ ರೇವಣಪ್ಪ ಬಂದು, ರಾತ್ರಿಯ ಆ ಕೆಲಸವನ್ನು ನಾನು ಮುಂದುವರಿಸುತ್ತೇನೆ, ಗಾಡಿ ಕೊಡಿ ಎಂದು ಕೇಳಿದ್ದ. ರಾಜೇಸಾಬನ ಹೆಂಡತಿ ಫಕ್ರುನ್ನಿಸಾ ಒಪ್ಪಿದಳು. ಒಂದೇ ಕರಾರು: ರಿಪೇರಿಗೆ ಹಫೀಜನೇ ಬರಬೇಕು.

ಹಫೀಜ ಬಂದ. ಕರೆದರೆ ಬರಬಾರದೆಂದು ಮೂರು ವರ್ಷ ನಿರ್ಧರಿಸಿಕೊಂಡಿದ್ದವನು ಕರೆದ ದಿನವೇ ಬಂದ. ಆ ರಾತ್ರಿ ಗಾಡಿಗೆ ಏನಾಗಿತ್ತು ಎನ್ನುವುದು ಅವನಿಗೆ ತಿಳಿಯಬೇಕಿತ್ತು. ತಿಳಿಯದೆ ಸಾಯಬಾರದು ಎನಿಸಿತ್ತು.

ಟಾಕಿಯಲ್ಲಿದ್ದ ಪೆಟ್ರೋಲು ಹಳಸಿ ವಾರ್ನಿಶಿನಂತೆ ನಾರುತ್ತಿತ್ತು. ಅದನ್ನು ಚೆಲ್ಲಿ ಹೊಸದು ತುಂಬಿದ, ಬೇರೆ ಬ್ಯಾಟರಿ ಕೂರಿಸಿದ. ಕಾರ್ಬೊರೇಟರು ಬಿಚ್ಚಿ ತೊಳೆದ. ಪ್ಲಗ್ಗುಗಳ ತುಕ್ಕನ್ನು ಮಸೆಕಾಗದದಿಂದ ಉಜ್ಜಿದ. ಇಲಿ ಕಡಿದಿರಬಹುದೆಂದು ನಾಲ್ಕೂ ಪ್ಲಗ್ಗಿಗೆ ಹೊಸ ವಾಯರು ಹಾಕಿದ. ಹಳೆಯದು ಒಂದನ್ನು ತೆಗೆದು, ಅದೇ ಜಾಗಕ್ಕೆ ಹೊಸದು ಒಂದು. ಕಂಡ ಹಾಗೆ ಬಿಚ್ಚು, ಬಿಚ್ಚಿದ ಹಾಗೆ ಹಾಕು ಎಂದು ಉಸ್ತಾದರು ಕಲಿಸಿದ್ದರು. ಮೇಲಾಗಿ ಅದು ರಾಜೇಸಾಬನ ಗಾಡಿ. ಆ ಮನುಷ್ಯ ಒಂದು ನಟ್ಟನ್ನೂ ತಪ್ಪು ಜಾಗದಲ್ಲಿ ಇಟ್ಟವನಲ್ಲ.

ಎಂಜಿನ್ ಎದ್ದಿತು. ಆದರೆ ಅದೇ ನಡುಕ. ಧಡ್... ಫುಸ್... ಧಡ್... ಫುಸ್... ಗ್ಯಾರೇಜಿನವರು ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ಅವನು ಪ್ಲಗ್ಗಿನ ವಾಯರುಗಳನ್ನು ಒಂದೊಂದಾಗಿ ಎಳೆದು ನೋಡಿದ. ಮೊದಲನೆಯದನ್ನು ಎಳೆದರೆ ಎಂಜಿನ್ ಕುಸಿಯಿತು, ಅದು ದುಡಿಯುತ್ತಿದೆ. ಕೊನೆಯದೂ ಹಾಗೆಯೇ. ನಡುವಿನ ಎರಡನ್ನು ಎಳೆದರೆ... ಏನೂ ಆಗಲಿಲ್ಲ. ಎರಡೂ ಸತ್ತಿದ್ದವು.

ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಸತ್ತರೆ ಅವುಗಳ ನಡುವಿನ ಗ್ಯಾಸ್ಕೆಟ್ಟು, ಎಂಜಿನಿನ ತಲೆಯ ಕೆಳಗೆ ಕೂರಿಸುವ ಆ ತೆಳು ಹಾಳೆ, ಒಡೆದಿದೆ ಎಂದು ಎಂಥ ಮಿಸ್ತ್ರಿಯೂ ಹೇಳುತ್ತಾನೆ. ಸಾವಿಗೆ ವಾರ ಮುಂಚೆ ಆ ಹಾಳೆಯನ್ನು ಕೂರಿಸಿದ್ದು ಹಫೀಜನ ಕೈ.

ಪ್ಲಗ್ಗು ತೆಗೆದು ಆ ತೂತಿಗೆ ಬೆರಳಿಟ್ಟು ಒತ್ತಡ ಪರೀಕ್ಷಿಸಬಹುದಿತ್ತು. ಪರೀಕ್ಷಿಸಲಿಲ್ಲ. ಪರೀಕ್ಷಿಸಿದರೆ ಖಚಿತವಾಗಿಬಿಡುತ್ತಿತ್ತು. ಬ್ಯಾಟರಿಯ ಸಂಪರ್ಕ ಬಿಡಿಸಿ, ನಾಳೆ ಬರುತ್ತೇನೆಂದು ಹೇಳಿ ಹೊರಬಿದ್ದವನ ಕಾಲು, ಕೇಳದೆ ಹೇಳದೆ, ಈ ದಾರಿ ಹಿಡಿದಿತ್ತು.

ಬಾವಿ ಸಮೀಪಿಸಿತು. ಆಗ ಕೇಳಿಸಿತು.

ಧಡ್... ಫುಸ್... ಧಡ್... ಫುಸ್...

ಹಫೀಜ ನಿಂತ. ಚೀಲದ ಝಣ್ ನಿಂತಿತು. ಆ ಸದ್ದು ನಿಲ್ಲಲಿಲ್ಲ. ತಿರುಗಿ ನೋಡಿದ. ದೀಪವಿಲ್ಲ, ಗಾಡಿಯಿಲ್ಲ, ಗಾಡಿ ಬರುವಷ್ಟು ಅಗಲದ ದಾರಿಯೂ ಅದಲ್ಲ. ತೊಗರಿ ಗಿಡದ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಹೆಗಲ ಮೇಲೆ ಬಿಳಿ ಟವೆಲು. ಮುಖ ಕಾಣಲಿಲ್ಲ.

“ಎಷ್ಟ ಹೊಡ್ಯಾಕತ್ತಾವಲೇ?” ಪಿಸುಮಾತು.

ಹಫೀಜನ ಬಾಯಿ ತಾನಾಗಿ ಉತ್ತರ ಕೊಟ್ಟಿತು. “ಎರಡ, ಚಾಚಾ. ನಡುವಿನವೆರಡೂ ಸತ್ತಾವ.”

“ಬೆರಳಿಟ್ಟ ನೋಡಿದೇನು?”

“ಇಲ್ರಿ.”

“ಯಾಕ?”

“ಅಂಜಿಕಿ... ಗ್ಯಾಸ್ಕೆಟ್ ಹಾಕಿದಾಂವ ನಾನೇ ಅಲ್ಲೇನ್ರಿ.”

ಬಾವಿಯೊಳಗೆ ಒಂದು ಹನಿ ಬಿತ್ತು. ಟಪ್... ಬಹಳ ಹೊತ್ತಿನ ಮೇಲೆ ಇನ್ನೊಂದು.

“ಮುಂಜಾನಿ ಇಟ್ಟ ನೋಡು,” ಎಂದಿತು ಆ ದನಿ. “ನೋಡಿದ ಮ್ಯಾಲ... ಆಕಿಗಿ ಏನೂ ಅನಬ್ಯಾಡ.”

“ಯಾರಿಗ್ರಿ, ಚಾಚಾ?”

ಎಂಜಿನಿನ ಸದ್ದು ನಿಂತಿತು. ದೂರ ಹೋಗಿ ಕರಗಲಿಲ್ಲ. ಯಾರೋ ಚಾವಿ ತಿರುಗಿಸಿ ಆರಿಸಿದಂತೆ ಅಲ್ಲಿಯೇ ನಿಂತಿತು. ಕಟ್ಟೆ ಬರಿದಾಗಿತ್ತು.

ಹಫೀಜ ಓಡಲಿಲ್ಲ. ಅಂಜಿಕೆಗಿಂತ ಮೊದಲು ಅವನಿಗೆ ಅಳು ಬಂತು. ಕಟ್ಟೆಗೆ ಒರಗಿ ಕೂತು ಅತ್ತ. ಮನೆ ಸೇರಿದಾಗ ಹೆಂಡತಿ ಫರಹತ ಮುಖ ನೋಡಿ ನೀರು ಕೊಟ್ಟಳಂತೆ.

ನಸುಕಿನ ಫಜರ್ ನಮಾಜು ಮುಗಿಸಿದವನು ನೇರವಾಗಿ ಫಕ್ರುನ್ನಿಸಾಳ ಅಂಗಳಕ್ಕೆ ಬಂದ. ಬ್ಯಾಟರಿ ಮತ್ತೆ ಜೋಡಿಸಿ ನಡುವಿನ ಎರಡು ಪ್ಲಗ್ಗು ಬಿಚ್ಚಿದ.

“ಚಾಚಿ, ಒಂದೀಟ ಒಳಗ ಕೂತು ಚಾವಿ ತಿರುಗಸ್ರಿ. ನಾ ಸಾಕು ಅನ್ನೂತನ ಬಿಡಬ್ಯಾಡ್ರಿ.”

“ನಂಗೇನ ಬರ್ತದಲೇ ಅದು? ಒಲಿ ಹಚ್ಚೂ ಕೈ.”

“ಒಲಿ ಹಚ್ಚಿದಂಗ ಹಚ್ರಿ.”

ಅವಳು ಸೆರಗು ಸರಿಮಾಡಿಕೊಂಡು ಚಾವಿ ತಿರುಗಿಸಿದಳು. ಹಫೀಜ ಎರಡನೆಯ ಸಿಲಿಂಡರಿನ ತೂತಿಗೆ ಹೆಬ್ಬೆರಳನ್ನು ಬಿಗಿಯಾಗಿ ಒತ್ತಿ ಹಿಡಿದ. ಕಣ್ಣು ಮುಚ್ಚಿದ್ದ.

ಠಪ್.

ಒಳಗಿನ ಗಾಳಿ ಬೆರಳನ್ನು ಕಿತ್ತೆಸೆಯಿತು. ಮೂರನೆಯದಕ್ಕೆ ಒತ್ತಿದ. ಠಪ್. ಅಷ್ಟೇ ಜೋರು. ಗ್ಯಾಸ್ಕೆಟ್ಟು ಗಟ್ಟಿಯಿತ್ತು. ಮೂರು ವರ್ಷದಿಂದಲೂ ಗಟ್ಟಿಯಿತ್ತು.

ಹಫೀಜ ಬಾನೆಟ್ಟಿನ ಅಂಚು ಹಿಡಿದು ನಿಂತ. ಗಾಳಿ ಇದೆ, ಪೆಟ್ರೋಲು ಇದೆ, ಕಿಡಿ ಇದೆ. ಹಾಗಿದ್ದರೆ ಕಿಡಿ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ... ಪ್ಲಗ್ಗುಗಳನ್ನು ಇದ್ದ ಹಾಗೆ ತಿರುಗಿ ಕೂರಿಸಿ, ಅಲ್ಲಿಂದ ಕಿಡಿ ಹಂಚುವ ಕರಿಯ ಬಟ್ಟಲಿನವರೆಗೆ ಒಂದೊಂದೇ ವಾಯರಿನ ಮೇಲೆ ಬೆರಳು ಓಡಿಸಿದ. ಒಂದು ಸರಿ. ನಾಲ್ಕು ಸರಿ. ಎರಡರದು ಮೂರಕ್ಕೆ ಹೋಗಿತ್ತು. ಮೂರರದು ಎರಡಕ್ಕೆ.

ಬೆರಳು ಅಲ್ಲಿ ನಿಂತಿತು. ಕಂಡ ಹಾಗೆ ಬಿಚ್ಚಿ, ಬಿಚ್ಚಿದ ಹಾಗೆ ಹಾಕಿ, ತಪ್ಪನ್ನೂ ಇದ್ದ ಹಾಗೆಯೇ ಇಟ್ಟಿದ್ದ ಅವನು. ರಾಜೇಸಾಬ ಇಂಥದ್ದು ಮಾಡಿದವನಲ್ಲ. ತಾನು ಮಾಡಿದ್ದರೆ ಆ ವಾರವೆಲ್ಲ ಗಾಡಿ ಓಡುತ್ತಲೇ ಇರಲಿಲ್ಲ.

ತಲೆಯೆತ್ತಿದ. ಸ್ಟೀರಿಂಗಿನ ಹಿಂದೆ ಕೂತಿದ್ದ ಫಕ್ರುನ್ನಿಸಾ ಎತ್ತಿದ ಬಾನೆಟ್ಟಿನ ಸಂದಿಯಿಂದ ಅವನ ಬೆರಳನ್ನೇ ನೋಡುತ್ತಿದ್ದಳು.

“ಸಿಕ್ತೇನು?” ಎಂದಳು ಮೆಲ್ಲಗೆ.

ಅವನು ಬೆರಳನ್ನು ವಾಯರಿನಿಂದ ತೆಗೆದ.

“ನಿಮ್ಮ ಚಾಚಾ ಪರಊರಾಗ ಗಾಡಿ ನಿಲ್ಲಿಸಿದ್ರ ಒಂದ ವಾಯರ ಕಿತ್ತು ಕಿಸೇದಾಗ ಇಟ್ಕೋತಿದ್ರು. ಕೀಲಿಗಿಂತ ಇದು ಗಟ್ಟಿ ಅಂತಿದ್ರು. ಅವರ ಕೈಯಾಗ ನೋಡೇ ನಾ ಕಲ್ತಿದ್ದು... ಅವತ್ತ ಸಂಜಿಯಿಂದ ಎದಿ ಹಿಡ್ಕೊಂಡ ಕೂತಿದ್ರು. ದವಾಖಾನಿಗಿ ನಡ್ರಿ ಅಂದ್ರ, ನಾಳಿ ನೋಡೋಣು ಅಂದ್ರು. ಅಷ್ಟರಾಗ ರೇವಣಪ್ಪ ಬಂದು ಕರದು ಹೋದ. ಇವರು ಅಂಗಿ ಹಾಕ್ಕೊಳ್ಳೂದ್ರಾಗ ನಾ ಕೈಗಿ ಸಿಕ್ಕವೆರಡು ಕಿತ್ತು ಜ್ವಾಳದ ಗಡಿಗ್ಯಾಗ ಹಾಕಿದೆ. ಗಾಡಿ ಇಲ್ಲಂದ್ರ ಮನ್ಯಾಗ ಮಲಗ್ತಾರ ಅಂತ ತಿಳದಿದ್ದೆ.”

“ಅವರಿಗಿ ಗೊತ್ತಾತೇನ್ರಿ?”

“ಬಾನೆಟ್ ಎತ್ತಿ ನೋಡಿದ್ರು. ಆಮ್ಯಾಲ ನನ್ನ ಮಾರಿ ನೋಡಿದ್ರು. ಏನೂ ಕೇಳಲಿಲ್ಲ. ‘ಬಾಗಲ ಹಾಕ್ಕೋ, ಥಂಡಿ ಅದ’ ಅಂದು ನಡದಬಿಟ್ರು.”

ಅಂಗಳದಲ್ಲಿ ಕೋಳಿಯೊಂದು ಕೆದರುತ್ತಿತ್ತು. ಸರ್... ಸರ್...

“ಸುದ್ದಿ ಬಂದ ಕೂಡ್ಲೇ ಕತ್ತಲಾಗ ಹೋಗಿ ತಿರುಗಿ ಹಚ್ಚಿದೆ. ಯಾವುದು ಎಲ್ಲಿಂದು ಅಂತ ನಂಗೇನ ತಿಳೀತದ. ಮೂರು ವರ್ಷ ಊರು ನಿನ್ನ ಹೆಸರ ಹೇಳ್ತು. ನಾ ಕೇಳ್ಕೋತ ಕೂತೆ... ಬ್ಯಾರೆ ಮಿಸ್ತ್ರಿ ಬಂದಿದ್ರ ಸುಮ್ಕ ಸರಿಮಾಡಿ ಹೋಗ್ತಿದ್ದ. ಅದಕ್ಕ, ನಿನಗ ಖರೆ ತಿಳೀಲಿ ಅಂತ ನಿನ್ನನ್ನ ಕರ್ಸಿದೆ.”

ಹಫೀಜನ ಬಾಯಿಗೆ ಒಂದು ಮಾತು ಬಂತು. ಮೂರು ವರ್ಷದ ಮಾತು. ನರೋಣಾದ ಒಂದೇ ಒಂದು ಗಾಡಿಯೂ ಅವನ ಗ್ಯಾರೇಜಿನ ಮುಂದೆ ನಿಲ್ಲದ ಮೂರು ವರ್ಷ. ಅದನ್ನು ನುಂಗಿದ. ಎರಡು ವಾಯರನ್ನು ಅದಲುಬದಲು ಮಾಡಿದ.

“ಚಾವಿ ತಿರುಗಸ್ರಿ, ಚಾಚಿ,” ಎಂದಷ್ಟೇ ಹೇಳಿದ.

ನಾಲ್ಕೂ ಸಿಲಿಂಡರುಗಳು ಒಂದೇ ಉಸಿರಿಗೆ ಎದ್ದವು.

ಹತ್ತು ಗಂಟೆಗೆ ರೇವಣಪ್ಪ, ಗುರಮ್ಮ ಬಂದರು. ಸದ್ದು ಕೇಳಿ ಮಲ್ಕಪ್ಪನೂ ಬಂದ.

“ಏನಲೇ ಉಸ್ತಾದ, ಒಂದ ಗಾಡಿಗಿ ಮೂರು ವರ್ಷ? ನಿನ್ನ ಕೈಯಾಗ ಹಡಿಯೂದಿದ್ರ ಗುರಮ್ಮ ಇನ್ನೂ ಬಸರಿನೇ ಇರ್ತಿದ್ದಳು,” ಎಂದ ಮಲ್ಕಪ್ಪ.

“ಸುಮ್ಕಿರ್ರಿ, ಕಾಕಾ,” ಎಂದಳು ಗುರಮ್ಮ.

“ಅಲ್ಲ, ಏನಾಗಿತ್ತು ಅಂತ ಹೇಳಲಿ.”

ಹಫೀಜ ಎಣ್ಣೆಯ ಕೈಯನ್ನು ಒರೆಸಿಕೊಳ್ಳುತ್ತ ನೆಲ ನೋಡಿದ. “ವಾಯರ ಅದಲುಬದಲಾಗಿದ್ವು. ನನ್ನ ಕೈ ತಪ್ಪು.”

ಬಾಗಿಲ ಪರದೆ ಸರಿಯಿತು.

“ಅವನ ಕೈ ಅಲ್ಲ,” ಎಂದಳು ಫಕ್ರುನ್ನಿಸಾ. “ನಂದು.”

ಅಂಗಳದ ನಡುವೆ ನಿಂತು, ಬೆಳಿಗ್ಗೆ ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಿದಳು. ಕೊನೆಗೆ ಹೊಸ್ತಿಲ ಮೇಲೆ ಕುಸಿದು ಕೂತಳು. ಮಲ್ಕಪ್ಪ ರುಮಾಲು ಬಿಚ್ಚಿದ, ಮತ್ತೆ ಸುತ್ತಿಕೊಂಡ, ಹಫೀಜನ ಕಡೆ ಎರಡು ಹೆಜ್ಜೆ ಬಂದು ನಿಂತ.

ಗುರಮ್ಮ ಹೋಗಿ ಹೊಸ್ತಿಲ ಮೇಲೆ ಫಕ್ರುನ್ನಿಸಾಳ ಪಕ್ಕದಲ್ಲಿ ಕೂತಳು.

“ನೀವು ಕೀಳದಿದ್ರ ಅವರು ಗಾಡಿ ಹೊಡೀತಿದ್ರು. ನಡುದಾರ್ಯಾಗ ಅವರ ಎದಿ ನಿಂತಿದ್ರ, ಹಿಂದಿನ ಸೀಟಿನಾಗ ನಾ ಇರ್ತಿದ್ದೆ, ಅವ್ವ. ನನ್ನ ಹೊಟ್ಯಾಗ ನನ್ನ ಮಗಳು.”

“ಅದು ಅಲ್ಲಾನಿಗೊಬ್ಬಗ ಗೊತ್ತು,” ಎಂದಳು ಫಕ್ರುನ್ನಿಸಾ. ಆ ಸಮಾಧಾನವನ್ನು ಅವಳು ತೆಗೆದುಕೊಳ್ಳಲಿಲ್ಲ. ಗುರಮ್ಮ ಹಿಡಿದ ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾರನ್ನು ಅಂಗಳದಿಂದ ಬೀದಿಗೆ ತಂದವನು ಹಫೀಜ. ಅವನು ಗಿಡ್ಡ, ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂತಿದ್ದ. ಅದು ಕಟ್ ಎಂದು ಅಡಿಯ ಕಬ್ಬಿಣದ ಹಲ್ಲಿಗೆ ಕೂತ ಸದ್ದನ್ನು ಅಲ್ಲಿದ್ದ ನಾಲ್ವರೂ ಕೇಳಿದ್ದಾರೆ. ಇಳಿದು ಚಾವಿ ಕೊಟ್ಟ. ರೇವಣಪ್ಪ ಹತ್ತಿ ಕೂತರೆ ಕಾಲು ಬ್ರೇಕಿಗೆ ಎಟುಕಲಿಲ್ಲ. ಸೀಟು ಹಿಂದಿನ ಕೊನೆಯ ಹಲ್ಲಿನಲ್ಲಿತ್ತು, ಆರಡಿ ಎತ್ತರದ ರಾಜೇಸಾಬ ಕೂರುತ್ತಿದ್ದ ಜಾಗದಲ್ಲಿ. ಎಣ್ಣೆ ಬಿಟ್ಟು ಎಳೆದರು. ಸುತ್ತಿಗೆಯಿಂದ ತಟ್ಟಿದರು. ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಇದು ಕಟ್ಟಿ ಹೇಳಿದ್ದಲ್ಲ, ನಡೆದದ್ದು. ನರೋಣಾದಲ್ಲಿ ರಾತ್ರಿ ಯಾರಿಗಾದರೂ ನೋವೆದ್ದರೆ ಈಗಲೂ ಅದೇ ಬಿಳಿ ಕಾರು ಬಾಗಿಲಿಗೆ ಬರುತ್ತದೆ. ಒಮ್ಮೆ ಬಗ್ಗಿ ನೋಡಿ. ರೇವಣಪ್ಪನ ಬೆನ್ನ ಹಿಂದೆ ಒಂದು ದಿಂಬು ಇರುತ್ತದೆ.