ಕ್ಯಾನಿನ್ಯಾಗಿನ ಶೈಲೇಶ

…ಇರ್ಲಿ, ಆ ಅರಿವಿ ಪಿಶವಿ ಕೆಳಗ ಇಡು ರೂಪಾಲಿ. ನಿಮ್ಮಣ್ಣ ಈಗ ಫೋನ್ ಮಾಡಿದ್ದ, ಗಾಡಿ ಇನ್ನೂ ಸೋಲಾಪುರ ಬಿಟ್ಟಿಲ್ಲ. ಮಾವ ಹೇಳೂದು ಪೂರಾ ಕೇಳು, ಆಮ್ಯಾಲೆ ತವರಮನಿಗೆ ಹೋಗವಂತಿ. ಸೊಸಿನ್ನ ಕಟ್ಟಿ ಹಾಕಾಂವ ನಾ ಅಲ್ಲ.

ಎಲ್ಲಿಗೆ ಬಂದಿದ್ದೆ? ಹಾಂ, ಆ ಕೋಣ. ಸತ್ತ ಕೋಣದ ತೊಗಲಿನಿಂದ ಅಂಥಾದ್ದ ಇನ್ನೊಂದು ಕೋಣ ಹುಟ್ಟಿಸ್ಯಾರ, ಕಣ್ಣಾರೆ ನೋಡಿ ಬಂದೀನಿ. ಅದ ಕೋಡು, ಅದ ಹಣಿ. ಇಡೀ ಚಪಳಗಾಂವದ ದನಕ್ಕ ಬೀಜ ಕೊಟ್ಟು ಗಬ್ಬ ಕಟ್ಟಿಸಿದಾಂವ ಈ ಸಾತಲಿಂಗಪ್ಪ, ನನಗೇನು ಯಾರರ ಟೋಪಿ ಹಾಕ್ತಾರ? ಕೋಣಕ್ಕ ಆಗೂದು ಮನಷ್ಯಾಗ ಯಾಕ ಆಗಬಾರದು?

ಯಾಕ ನಗ್ತಿ? …ನಗಾಕತ್ತಿಲ್ಲ? ಹಂಗಾರ ಅಳಬ್ಯಾಡ.

ಶೈಲ್ಯಾ ಹೊಳ್ಳಿ ಬರ್ತಾನ ಯವ್ವಾ. ಎಂಐಡಿಸಿ ಕಾರಖಾನಿ ಹತ್ರ ಟ್ರಕ್ಕು ಬಡದು ಹೋದಾಂವ ನಿನ್ನ ಹೊಟ್ಟ್ಯಾಗ ಹೊಳ್ಳಿ ಬರ್ತಾನ. ಅದ ಮೂಗು, ಅದ ಗುಂಗರಗೂದಲಾ… ಗಂಡನ್ನ ಹಡಿ ಅಂತೀರೇನು ಮಾವಾ, ಅಂತ ನಿನ್ನ ಮಾರಿನ ಕೇಳಾಕತ್ತದ. ನನಗ ತಿಳಿಯಂಗಿಲ್ಲೇನು? ಮಗಾ ಅಂತ ತಿಳಕೋ. ನಿನಗೂ ಒಂದು ಜೀವ ಆಗ್ತದ, ನನಗೂ ಆಗ್ತದ.

ಕಾಯದಾ? ನಮ್ಮ ದೇಶದಾಗ ಇದಕ್ಕ ಬಿಡೂದಿಲ್ಲ, ಖರೇ. ಹೊರಗ ಮಾಡಸ್ತೀನಿ ಅಂದಾನ ಆ ಕೋಣ ತೋರಿಸಿದ ಡಾಕ್ಟರ್. ಜೀವಕ್ಕ ಧೋಕಾನೂ ಅದ, ಮುಚ್ಚಿಡೂದಿಲ್ಲ. ಆ ಕೋಣದ ಕೆಲಸದಾಗೂ ಎಷ್ಟೋ ಗಬ್ಬ ಇಳದು ಹೋದುವು. ಹುಟ್ಟಿದ ಕರುಗಳೂ ಕೆಲವು ಕಾಲ ಮ್ಯಾಲೆ ನಿಲ್ಲಲಿಲ್ಲ, ಒಂದು ಎಮ್ಮಿ ಸತ್ತೂ ಹೋತು. ಆದ್ರ ನೀ ಗಟ್ಟಿ ಹೆಣಮಗಳು… ಹಂಗ ನೋಡಬ್ಯಾಡ. ನಿನಗ ಎಮ್ಮಿ ಅಂದಿಲ್ಲ ನಾ.

ಮೂಲ್ಯಾಗ ಏನ ನೋಡ್ತಿ? ಹೌದು, ಆ ಕ್ಯಾನಿನ್ಯಾಗನ ಇಟ್ಟೀನಿ. ದನದ ಬೀಜ ಇಡೂ ಕ್ಯಾನ್, ಕೆಡೂದಿಲ್ಲ. ಅವನ ಹಣಗಿಯಾಗಿನ ನಾಕು ಕೂದಲಾ, ಅಷ್ಟ. …ಕೂದಲಾನ. …ನಾ ಯಾಕ ಸುಳ್ಳು ಹೇಳ್ಲಿ?

ನಿನ್ನ ಕೈ ಯಾಕ ಕಿವಿಗೆ ಹೋತು? ಬ್ಯಾಡ ಯವ್ವಾ. ಕೈ ತಗಿ ಅಲ್ಲಿಂದ.

…ಕೂದಲಿನಿಂದ ಆಗೂದಿಲ್ಲ ಅಂದ ಡಾಕ್ಟರ್. ಹಸಿ ತೊಗಲಾ ಬೇಕಂತ. ಕಿವಿಯಿಂದ ಒಂದು ಚೂರು ತಗೊಂಡೆ. ಮಣ್ಣಿನ ದಿನ ಅವನ್ನ ಕುಂದ್ರಿಸಿ, ಇಬತ್ತಿ ಹಚ್ಚಿ, ರುಮಾಲಾ ನಾನ ಸುತ್ತಿದ್ದೆ, ಕಿವಿ ಮುಚ್ಚೂಹಂಗ. ಆದ್ರ ಕುಣಿಗೆ ಇಳಸೂ ಮುಂದ ನೋಡಿದ್ರ ಅದರ ಸುತ್ತು ಬ್ಯಾರೆನ ಇತ್ತು, ಇನ್ನೂ ಬಿಗಿ ಇತ್ತು. ಬೀಗರು ಯಾರರ ಸರಿ ಮಾಡಿರಬೇಕು ಅನಕೊಂಡೆ…

ನೀ ಬಿಚ್ಚಿ ನೋಡಿದ್ಯಾ?

ನೋಡಿ, ಮಂದಿ ಕಣ್ಣಿಗೆ ಬೀಳಬಾರದಂತ ನೀನ ಹೊಳ್ಳಿ ಸುತ್ತಿದಿ. ಆವತ್ತಿನಿಂದ ದಿನಾ ನನ್ನ ತಾಟಿಗೆ ರೊಟ್ಟಿ ಹಾಕಿದಿ. ಎಲ್ಲಾ ಗೊತ್ತಿದ್ದೂ, ಇನ್ನೊಂದು ಹಾಕಲೇನ್ರಿ ಮಾವಾ ಅಂತ ಕೇಳಿದಿ.

ರೂಪಾಲಿ… ಬೈಯ್ಯರ ಬೈಯಿ ಯವ್ವಾ.