ಮಾಸ್ಕಿನ ಮೇಲಿನ ಪಟ್ಟಿ

ಹೆಸರು: ಎಲ್ಲರೂ ದೊಡ್ಡ ಡಾಕ್ಟರೆಂದೇ ಕರೆಯುತ್ತಾರೆ. ವಯಸ್ಸು: ಐವತ್ತೆಂಟು. ಕಸುಬು: ಶಸ್ತ್ರಚಿಕಿತ್ಸಕ. ವಾಸ: ಆಸ್ಪತ್ರೆಯ ಹಿಂದಿನ ರಸ್ತೆಯ ಮೂಲೆಮನೆ. ಠಾಣೆಗೆ ಖುದ್ದಾಗಿ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನಗೆ ಮೂಗಿನ ತುದಿಯಲ್ಲೇ ಸಿಟ್ಟೆಂದು ಹೋದ ವರ್ಷ ಯಾರೋ ಆಡಳಿತ ಮಂಡಳಿಗೆ ಚಾಡಿ ಹೇಳಿದ್ದರಿಂದ, ಸಿಟ್ಟು ಹಿಡಿತದಲ್ಲಿಡುವ ತರಬೇತಿಗೆ ನನ್ನನ್ನು ಕಳುಹಿಸಲಾಯಿತು. ನನ್ನ ಮಗಳ ವಯಸ್ಸಿನವಳೊಬ್ಬಳು, ಸಿಟ್ಟು ಬಂದಾಗ ಕೂಗಬೇಡಿ ಸಾರ್, ತಣ್ಣಗೆ ಬೇರೇನಾದ್ರೂ ಮಾಡಿ ಎಂದು ಹೇಳಿಕೊಟ್ಟಳು. ಅಂದಿನಿಂದ ನಾನು ದನಿ ಎತ್ತಿಲ್ಲ. ಆಪರೇಷನ್ ನಡುವೆ ಯಾರಾದರೂ ಬಾಯಿ ಹಾಕಿದರೆ ಕಣ್ಸನ್ನೆ ಮಾಡುತ್ತೇನೆ. ಅಲ್ಲಿರುವ ಆಯಾ ಬಂದು, ಬಾಯಿ ಹಾಕಿದವರ ಮಾಸ್ಕಿನ ಮೇಲೆ ಅಂಟುಪಟ್ಟಿ ಹಚ್ಚುತ್ತಾಳೆ. ಪಟ್ಟಿ ಇರುವಷ್ಟು ಹೊತ್ತು ತುಟಿ ಪಿಟಕ್ಕೆನ್ನುವಂತಿಲ್ಲ. ಹಾಗೆ ಪಿಟಕ್ಕೆಂದ ಇಬ್ಬರನ್ನು ಕೆಲಸದಿಂದ ತೆಗೆಸಿದ್ದೇನೆ. ಆಮೇಲೆ ಕೊಠಡಿ ಎಷ್ಟು ಶಾಂತವಾಯಿತೆಂದರೆ ಮಂಡಳಿಯವರೇ ಕರೆದು ನನ್ನನ್ನು ಹೊಗಳಿದರು.

ಇಂದು ಬೆಳಿಗ್ಗೆ ಒಂಬತ್ತೂವರೆಗೆ ಒಬ್ಬ ಬಸ್ ಡ್ರೈವರನ ಎಡಗಡೆಯ ಕಿಡ್ನಿ ತೆಗೆಯುವುದಿತ್ತು. ಅದರಲ್ಲಿ ಕೀವು ತುಂಬಿತ್ತು. ಬಲಗಡೆಯದು ಚೆನ್ನಾಗಿತ್ತು. ಎಕ್ಸ್‌ರೇ ಫಿಲ್ಮನ್ನು ದೀಪದ ಮುಂದೆ ಸಿಕ್ಕಿಸಿದವನೂ, ಅದನ್ನು ನೋಡಿ ರೋಗಿಯನ್ನು ಮಗ್ಗುಲಾಗಿಸಿದವನೂ ನಾನೇ. ಈ ಕತ್ತೆಗಳನ್ನು ನಂಬಿ ಕೂರುವವನು ನಾನಲ್ಲ. ಫಿಲ್ಮು ಎಡಬಲ ತಿರುಗುಮುರುಗಾಗಿದ್ದುದು ಆಮೇಲೆ ತಿಳಿಯಿತು. ಬಲಗಡೆಗೆ ಚಾಕು ಇಡುವಾಗ ಪಕ್ಕದಲ್ಲಿದ್ದ ನರ್ಸು, ಸಾರ್, ಒಂದ್ನಿಮಿಷ, ಎಂದಳು. ಕಣ್ಸನ್ನೆ ಮಾಡಿದೆ.

ಪಟ್ಟಿ ಬಿದ್ದ ಮೇಲೆ ಅವಳು ಜೋರಾಗಿ ತಲೆ ಅಲ್ಲಾಡಿಸಿದಳು. ತನ್ನ ಸೊಂಟದ ಎಡಗಡೆಗೆ ಕೈ ಬಡಿದುಕೊಂಡಳು. ನನ್ನೆದುರಿಗೇ ಕುಣಿತವೇ ಎಂದು ಅವಳ ಬೆರಳ ಗೆಣ್ಣಿಗೆ ಇಕ್ಕಳದಿಂದ ಒಂದು ಕೊಟ್ಟೆ. ಆಗಲೂ ನಾನು ಕೂಗಲಿಲ್ಲ ಎಂಬುದನ್ನು ಗಮನಿಸಬೇಕು. ಕಣ್ಣೀರಿಗೆ ಪಟ್ಟಿಯ ಅಂಚು ಎದ್ದಿತು; ಆಯಾ ಅದನ್ನು ಒತ್ತಿ ಕೂರಿಸಿದಳು. ಅರಿವಳಿಕೆ ಡಾಕ್ಟರು ತನ್ನ ಯಂತ್ರವನ್ನೇ ನೋಡುತ್ತ ನಿಂತಿದ್ದ. ಹೋದ ವಾರ ಪಟ್ಟಿ ಹಚ್ಚಿಸಿಕೊಂಡವನು ಅವನೇ.

ಹನ್ನೊಂದು ಗಂಟೆಗೆ, ತೆಗೆದ ಕಿಡ್ನಿಯನ್ನು ತಟ್ಟೆಯಲ್ಲಿ ಸೀಳಿ ನೋಡಿದೆ. ಒಂದು ಕಲೆಯೂ ಇರಲಿಲ್ಲ. ಅವಳ ಪಟ್ಟಿಯನ್ನು ನನ್ನ ಕೈಯಾರೆ ಕಿತ್ತು, ಯಾಕೆ ಹೇಳಲಿಲ್ಲವೆಂದು ಕೇಳಿದೆ. ಪಟ್ಟಿ ಇತ್ತಲ್ಲ ಸಾರ್, ಎಂದಳು. ಎಂಥ ಉದ್ಧಟತನ!

ಹೊರಗೆ ಡ್ರೈವರನ ಹೆಂಡತಿ ಬಾಗಿಲಿಗೇ ಅಂಟಿಕೊಂಡು ನಿಂತಿದ್ದಳು. ಇನ್ನೇನೂ ತೊಂದ್ರೆ ಇಲ್ವಲ್ಲ ಡಾಕ್ಟ್ರೇ, ಒಂದು ಚೆನ್ನಾಗಿದ್ರೂ ಸಾಕಂತೆ, ಎಂದಳು. ಅವಳನ್ನು ಕೇಳು ಎಂದು ನರ್ಸನ್ನು ತೋರಿಸಿ ನೇರ ಇಲ್ಲಿಗೆ ಬಂದೆ.

ಆ ಡ್ರೈವರನೊಳಗೆ ಈಗ ಉಳಿದಿರುವುದು ಕೀವು ತುಂಬಿದ್ದೊಂದೇ. ಅವನು ಹೆಚ್ಚು ದಿನ ಇರಲಾರ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದು ಇಷ್ಟಕ್ಕೆಲ್ಲ ಕಾರಣಳಾದ, ನನ್ನ ಮೂವತ್ತು ವರ್ಷದ ಹೆಸರಿಗೆ ಮಸಿ ಬಳಿದ ಆ ನರ್ಸಿನ ಮೇಲೆ ಕ್ರಮ ಕೈಗೊಳ್ಳಬೇಕು.

ಮೇಲಿನದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಬರೆದುಕೊಂಡ ಪೇದೆ ಒಂದೆರಡು ಸಲ ತಲೆ ಎತ್ತಿ ನನ್ನ ಮುಖ ನೋಡಿದನಾದರೂ, ನಡುವೆ ಬಾಯಿ ಹಾಕಲಿಲ್ಲ.

ಸ್ಥಳ: ಠಾಣೆ
ದಿನಾಂಕ: ಇಂದೇ, ಮಧ್ಯಾಹ್ನ ಹನ್ನೆರಡು ಗಂಟೆ
ಸಹಿ: ದೊಡ್ಡ ಡಾಕ್ಟರು