ಪಟ್ಟಣ ನುಂಗಿದ ಮನೆಯ ಯಜಮಾನ

ನಮ್ಮ ಸೋದರತ್ತೆಯ ಮಗ ಒಮುರ್‌ಬೆಕ್ ಅವತ್ತು ಗುರುವಾರ ರಾತ್ರಿ ಕೊನೆಯ ವ್ಯಾನು ಇಳಿದಾಗ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮನೆಗೆ ಹೋಗಬೇಕಾದರೆ ಹಳೆಯ ಕರಗಾಚ್ ಮರವನ್ನು ದಾಟಲೇಬೇಕು. ಚಳಿಗಾಲ ಅರ್ಧ ಕಳೆದಿದ್ದರೂ ಆ ವರ್ಷ ಹಿಮ ಬಿದ್ದಿರಲಿಲ್ಲ, ಬರೀ ಧೂಳು. ಮರದ ಹತ್ತಿರ ಬಂದ… ಧಪ್… ಧಪ್. ಯಾರೋ ಬೂಟು ಕೊಡವುವ ಸದ್ದು.

ಆ ಮರ ಮೊದಲು ಅವರ ಅಂಗಳದಲ್ಲೇ ಇತ್ತು. ಬಿಷ್ಕೆಕ್ ಪಟ್ಟಣ ತನ್ನ ಎಲ್ಲೆ ಹಿಗ್ಗಿಸಿ ನಮ್ಮ ಹಳ್ಳಿಯನ್ನು ಒಳಗೆ ಎಳೆದುಕೊಂಡಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು, ಮನೆಮನೆಗೆ ಗ್ಯಾಸ್ ಬರುತ್ತದೆ ಎಂದು. ಬಂದದ್ದು ಅಗಲದ ರಸ್ತೆ. ಅವರ ಮನೆ ಅದರಡಿ ಹೋಯಿತು. ಬದಲಿಗೆ ಏಳನೇ ಮಹಡಿಯಲ್ಲೊಂದು ಫ್ಲಾಟ್ ಸಿಕ್ಕಿತು. ಅಲ್ಲಿ ಒಂದನ್ನೊಂದು ಹೋಲುವ ನಾಲ್ಕು ಕಟ್ಟಡ. ಮಾವ, ಅಂದರೆ ಅವನ ಅಪ್ಪ, ಇದನ್ನೆಲ್ಲ ನೋಡಲಿಲ್ಲ. ಹಿಮ ಜೋರಾಗಿ ಬಿದ್ದ ಒಂದು ವರ್ಷ ತೀರಿಕೊಂಡಿದ್ದರು.

ಅತ್ತೆ ಸೋನುನ್‌ಬು ಮಾತ್ರ ಗುರುವಾರದ ಬೋರ್ಸೋಕ್ ಬಿಡಲಿಲ್ಲ. ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿದರೆ ಆ ವಾಸನೆ ಹಿಡಿದು ತೀರಿಕೊಂಡವರು ಮನೆಗೆ ಬರುತ್ತಾರೆ. ಪಕ್ಕದ ಮನೆಯ ಗುಲ್ಸುನ್ ಮೂಗು ಮುಚ್ಚಿಕೊಂಡು ಬರುವಳು.

“ಅಕ್ಕಾ, ನಿಮ್ಮ ಯಜಮಾನ್ರಿಗೆ ಲಿಫ್ಟ್ ಗುಂಡಿ ಒತ್ತೋಕೆ ಬರುತ್ತಾ?”

“ಅವರಿಗೆ ಬೂಟು ಹೊರಗೆ ಕೊಡವೋಕೇ ಬರ್ತಿರಲಿಲ್ಲ. ಬದುಕಿರೋವರೆಗೂ ಹಿಮಾನೆಲ್ಲ ಒಳಗೆ ತಂದೇ ಕೊಡವಿದ್ರು.”

ಅವಳು ಹೋದ ಮೇಲೆ ಅತ್ತೆ ಮಗನನ್ನು ಕೇಳುವಳು. “ನಿಮ್ಮಪ್ಪನಿಗೆ ಈ ಮನೆ ಗೊತ್ತಾಗುತ್ತೇನೋ?” ಅವಳಿಗೆ ಇದ್ದದ್ದು ಇದೊಂದೇ ಚಿಂತೆ. ಒಮುರ್‌ಬೆಕ್ ಬೋರ್ಸೋಕ್ ತಿಂದು ಕೈ ತೊಳೆದುಕೊಳ್ಳುವನು. ಮನೆ ಕೆಡವಿದ ದಿನದಿಂದ ಅವನ ಮನಸ್ಸು ಮರಗಟ್ಟಿತ್ತು. ಸಿಟ್ಟೂ ಇಲ್ಲ, ಅಳುವೂ ಇಲ್ಲ.

ಧಪ್… ಧಪ್.

ಆ ರಾತ್ರಿ ಮರದ ಕೆಳಗೆ ಮುದುಕನೊಬ್ಬ ನಿಂತಿದ್ದ. ತುಪ್ಪಳದ ಟೋಪಿ. ಟೋಪಿಯ ಮೇಲೆ ಹಿಮ.

“ಇಲ್ಲೊಂದು ಮನೆ ಇತ್ತು…” ಪಿಸುಮಾತು.

“ಪಟ್ಟಣಕ್ಕೆ ಸೇರ್ತು.”

“ಪಟ್ಟಣ ಅಲ್ಲಿದೆಯಲ್ಲೋ ಮಗಾ.”

“ಈಗ ಇಲ್ಲೂ ಇದೆ.”

“ಎಣ್ಣೆ ವಾಸನೆ ಬರುತ್ತೆ… ಬಾಗಿಲು ಸಿಗ್ತಿಲ್ಲ.”

ದನಿಯ ಗುರುತು ಸಿಕ್ಕಿತು. ಅಪ್ಪನದೇ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಕಟ್ಟಡಗಳ ಕಡೆ ಸುಮ್ಮನೆ ಕೈ ತೋರಿಸಿ ನಡೆದುಬಿಟ್ಟ. ಹಿಂದೆ… ಕರಕ್… ಕರಕ್… ಹಿಮ ತುಳಿಯುವ ಸದ್ದು. ಕಾಲಡಿ ಇದ್ದದ್ದು ಬರೀ ಡಾಂಬರು.

ಬೆಳಿಗ್ಗೆ ಪಕ್ಕದ ಕಟ್ಟಡದಲ್ಲಿ ಗಲಾಟೆ. ಕೆಳಗಿನಿಂದ ಮೇಲಿನವರೆಗೆ ಪ್ರತಿ ಬಾಗಿಲ ಹೊರಗೂ ಎರಡೆರಡು ಹಿಮದ ಹೆಂಟೆ. ನಿಮ್ಮ ಮಕ್ಕಳ ಕಿತಾಪತಿ ಎಂದು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಒಮುರ್‌ಬೆಕ್ ಬಗ್ಗಿ ನೋಡಿದ. ಎಡಗಡೆಯ ಹೆಂಟೆಯಲ್ಲಿ ಟೈರಿನ ಗುರುತು. ಮಾವ ಎಡ ಬೂಟಿನ ಅಡಿಗೆ ಟೈರಿನ ತುಂಡು ಹೊಡೆಸಿದ್ದರು.

ಅವನು ತಾಯಿಗೆ ಎಲ್ಲ ಹೇಳಿದ.

“ಯಾವ ಕಟ್ಟಡ ಅಂತ ನೀನು ಹೇಳಲಿಲ್ವಾ?”

“ಇಲ್ಲ.”

“ಅಷ್ಟೂ ಮೆಟ್ಟಿಲು ಹತ್ತಿದ್ರಾ…”

ಮುಂದಿನ ಗುರುವಾರ ಅವನು ಮರದ ಹತ್ತಿರ ಹೋಗಿ ನಿಂತ. ಅಲ್ಲಿ ಯಾರೂ ಇರಲಿಲ್ಲ. ಆದರೂ ಮೆಲ್ಲಗೆ ಹೇಳಿದ. “ಅಪ್ಪಾ, ಮೂರನೇ ಕಟ್ಟಡ. ಏಳನೇ ಮಹಡಿ. ನೀಲಿ ಬಾಗಿಲು.”

ರಾತ್ರಿ ಎಂದಿನಂತೆ ಚಿಲಕ, ಸರಪಳಿ ಎರಡನ್ನೂ ಹಾಕಿ ಮಲಗಿದರು. ಲಿಫ್ಟಿನ ಸದ್ದಿಲ್ಲ. ಮೆಟ್ಟಿಲ ಮೇಲೆ… ಕರಕ್… ಕರಕ್… ಆಮೇಲೆ ಧಪ್, ಧಪ್. ತೀರಾ ಹತ್ತಿರ. ಇಬ್ಬರೂ ಏಳಲಿಲ್ಲ.

ಬೆಳಿಗ್ಗೆ ಬಾಗಿಲ ಹೊರಗೆ ಏನೂ ಇರಲಿಲ್ಲ. ಹೆಂಟೆಗಳು ಇದ್ದದ್ದು ಒಳಗೆ, ಹೊಸ ನೆಲದ ಮೇಲೆ. ಸರಪಳಿ ಹಾಕಿದ ಹಾಗೇ ಇತ್ತು. ಅತ್ತೆ ಪೊರಕೆ ತಂದಳು, ಗುಡಿಸಲಿಲ್ಲ. “ಹೊರಗೆ ಕೊಡವಿ ಬನ್ನಿ ಅಂತ ಎಷ್ಟು ಸಲ ಹೇಳೋದು ನಿಮಗೆ” ಎಂದು ಖಾಲಿ ಕೋಣೆಯನ್ನು ಗದರಿದಳು. ಒಮುರ್‌ಬೆಕ್ ಗೋಡೆಗೆ ಒರಗಿ ಅತ್ತ, ಮನೆ ಕೆಡವಿದ ಮೇಲೆ ಮೊದಲ ಸಲ.

ನಂಬದಿದ್ದರೆ ಬಿಡಿ. ಅವತ್ತು ಮಧ್ಯಾಹ್ನ ನಾನೇ ಅಲ್ಲಿಗೆ ಹೋಗಿದ್ದೆ. ಹೀಟರು ಉರಿಯುತ್ತಿತ್ತು. ಹಿಮ ಕರಗಿರಲಿಲ್ಲ.